ನಿಲ್ಲಿಸುವ ವಿದ್ಯೆ

ಗಾಡಿಯನ್ನು ಓಡಿಸುವ ವಿದ್ಯೆಯ ಚರಿತ್ರೆಯನ್ನು ಬರೆದವರು ಬಹುಮಂದಿ. ಉಗಿಯಂತ್ರವನ್ನು ಸುಧಾರಿಸಿದವರು ಯಾರು, ಪೆಟ್ರೋಲಿನ ಬಂಡಿಯನ್ನು ಮೊದಲು ಓಡಿಸಿದವರು ಯಾರು ಎಂಬುದು ಶಾಲೆಯ ಹುಡುಗರಿಗೂ ಬಾಯಿಪಾಠವಾಗಿರುವ ಸಂಗತಿ. ಆದರೆ ಓಡುತ್ತಿರುವ ಗಾಡಿಯನ್ನು ಬೇಕಾದಾಗ, ಬೇಕಾದ ಕಡೆ ನಿಲ್ಲಿಸುವುದೂ ಒಂದು ವಿದ್ಯೆಯೇ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಫೋರ್ಟಿನಲ್ಲಿ ಹುತಾತ್ಮ ಚೌಕದ ಬಳಿ ರಸ್ತೆ ದಾಟಲು ಕಾಲಿಡುವ ಗುಮಾಸ್ತನಾಗಲಿ, ತಟ್ಟೆ ಹಿಡಿದು ಕಚೇರಿಗಳಿಗೆ ಚಹಾ ಕೊಂಡೊಯ್ಯುವ ಹೋಟೆಲಿನ ಹುಡುಗನಾಗಲಿ ನಂಬಿರುವುದು ಎದುರಿಗೆ ಬರುವ ಮೋಟಾರಿನ ಎಂಜಿನನ್ನಲ್ಲ, ಅದರ ಬ್ರೇಕನ್ನು. ಈ ನಂಬಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. ನೂರೈವತ್ತು ವರ್ಷಗಳ ಯೋಚನೆಯೂ, ಅನೇಕ ಅಪಘಾತಗಳೂ, ಹೆಸರು ಉಳಿಯದ ಎಷ್ಟೋ ಕೆಲಸಗಾರರ ಆಯುಷ್ಯವೂ ಅದರ ಹಿಂದೆ ಇವೆ. ಆ ಕಥೆಯನ್ನು ನಮ್ಮ ಮುಂಬಯಿಯ ಬೀದಿಗಳಿಂದಲೇ ಆರಂಭಿಸಿ ಹೇಳುವುದು ಈ ಲೇಖನದ ಉದ್ದೇಶ.

ಬ್ರೇಕಿಗೆ ಕನ್ನಡದಲ್ಲಿ ‘ಬಿರಿ’ ಎಂಬ ಮಾತೊಂದು ಉಂಟು. ಪುಸ್ತಕಗಳಲ್ಲಿ ‘ಗತಿರೋಧಕ’ ಎಂದೂ ಬರೆದದ್ದುಂಟು. ಆದರೆ ಡ್ರೈವರು, ಕಂಡಕ್ಟರು, ಗ್ಯಾರೇಜಿನ ಮೇಸ್ತ್ರಿ, ಪ್ರಯಾಣಿಕರು ಎಲ್ಲರೂ ಆಡುವುದು ಬ್ರೇಕು ಎಂದೇ. ಆದ್ದರಿಂದ ಇಲ್ಲಿಯೂ ಅದೇ ಮಾತು ಇರಲಿ.

ಕುದುರೆ ಮತ್ತು ಹಳಿ

ಮುಂಬಯಿಯ ಕೋಟೆಯ ಗೋಡೆಗಳು ಬಿದ್ದದ್ದು 1860ರ ದಶಕದಲ್ಲಿ, ಬಾರ್ಟಲ್ ಫ್ರೇರ್ ಗವರ್ನರನಾಗಿದ್ದ ಕಾಲದಲ್ಲಿ. ಗೋಡೆ ಹೋದರೂ ಹೆಸರು ಉಳಿಯಿತು. ಗೋಡೆ ಬಿದ್ದ ಮೇಲೆ ಬೀದಿಗಳು ಅಗಲವಾದವು, ಬಂಡಿಗಳು ಹೆಚ್ಚಿದವು. ಆ ತನಕ ಬಂಡಿಯನ್ನು ನಿಲ್ಲಿಸುತ್ತಿದ್ದುದು ಮುಖ್ಯವಾಗಿ ಅದನ್ನು ಎಳೆಯುವ ಪ್ರಾಣಿಯೇ. ಎತ್ತು ನೊಗವನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು, ಇಲ್ಲವೆ ಕುದುರೆ ಲಗಾಮಿಗೆ ಮಣಿಯಬೇಕು. ಇಳಿಜಾರಿನಲ್ಲಿ ಮಾತ್ರ ಗಾಲಿಯ ಕಬ್ಬಿಣದ ಪಟ್ಟಿಗೆ ಮರದ ತುಂಡೊಂದನ್ನು ಒತ್ತುವ ಏರ್ಪಾಡು ಇತ್ತು. ವೇಗ ಕಡಿಮೆಯಾಗಿದ್ದುದರಿಂದ ಅಷ್ಟೇ ಸಾಕಾಗುತ್ತಿತ್ತು.

1874ರ ಮೇ 9ರಂದು ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ಟಿನ ಮಾರ್ಗವಾಗಿ ಪಾಯಧುನಿಯವರೆಗೆ ಕುದುರೆ ಎಳೆಯುವ ಟ್ರಾಮು ಓಡತೊಡಗಿತು. ಕಂಪನಿಯ ಲಾಯದಲ್ಲಿ ಸುಮಾರು 900 ಕುದುರೆಗಳಿದ್ದುವಂತೆ. ಹಳಿಯ ಮೇಲೆ ಉರುಳುವ ಗಾಡಿಗೆ ಘರ್ಷಣೆ ಕಡಿಮೆ. ಒಂದೆರಡು ಕುದುರೆಗಳು ಒಂದು ದೊಡ್ಡ ಗಾಡಿ ಜನರನ್ನು ಎಳೆಯಲು ಸಾಧ್ಯವಾದದ್ದು ಅದರಿಂದಲೇ. ಆದರೆ ಎಳೆಯುವುದು ಎಷ್ಟು ಸುಲಭವಾಯಿತೋ ನಿಲ್ಲಿಸುವುದು ಅಷ್ಟೇ ಕಷ್ಟವಾಯಿತು. ತುಂಬಿದ ಗಾಡಿಯ ಭಾರವನ್ನು ಕುದುರೆಯ ಕಾಲುಗಳು ತಡೆಯಲಾರವು. ಆದುದರಿಂದ ಇಂಥ ಟ್ರಾಮುಗಳಲ್ಲಿ ಸಾರಥಿಯ ಕೈಗೆ ಒಂದು ತಿರುಗಣಿಯನ್ನು ಕೊಡುತ್ತಿದ್ದರು. ಅದನ್ನು ತಿರುಗಿಸಿದರೆ ಕೆಳಗಿನ ಸರಪಳಿ ಸುತ್ತಿಕೊಂಡು ಗಾಲಿಗಳಿಗೆ ಬ್ರೇಕಿನ ತುಂಡುಗಳು ಒತ್ತುತ್ತಿದ್ದುವು. ಗಾಡಿಯನ್ನು ಎಳೆಯುವವನು ಬೇರೆ, ನಿಲ್ಲಿಸುವವನು ಬೇರೆ ಎಂಬ ವಿಂಗಡಣೆ ನಮ್ಮ ಬೀದಿಗೆ ಹೀಗೆ ಬಂದಿತು.

1907ರ ಮೇ 7ರಂದು ವಿದ್ಯುತ್ ಟ್ರಾಮು ಬಂದಿತು. 1920ರಲ್ಲಿ ಅದಕ್ಕೆ ಎರಡನೆಯ ಅಂತಸ್ತೂ ಏರಿತು. ವಿದ್ಯುತ್ ಟ್ರಾಮುಗಳಿಂದ ಜಗತ್ತಿನ ಎಂಜಿನಿಯರುಗಳು ಒಂದು ಹೊಸ ಪಾಠ ಕಲಿತರು. ಮೋಟಾರಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಗಾಲಿಯನ್ನು ತಿರುಗಿಸುತ್ತದೆ. ಹಾಗೆಯೇ ಗಾಲಿ ಮೋಟಾರನ್ನು ತಿರುಗಿಸುವಂತೆ ಮಾಡಿದರೆ ಅದೇ ಮೋಟಾರು ವಿದ್ಯುತ್ತನ್ನು ಹುಟ್ಟಿಸುತ್ತದೆ, ಹುಟ್ಟಿಸುವ ಶ್ರಮದಲ್ಲಿ ಗಾಡಿಯ ಓಟ ತಗ್ಗುತ್ತದೆ. ಹುಟ್ಟಿದ ವಿದ್ಯುತ್ತನ್ನು ತಂತಿಯ ಸುರುಳಿಗಳಲ್ಲಿ ಹರಿಸಿ ಶಾಖವಾಗಿ ಕಳೆದುಬಿಡುತ್ತಿದ್ದರು. ಈ ಪಾಠ ನೂರು ವರ್ಷಗಳ ಬಳಿಕ ಮೋಟಾರು ಕಾರುಗಳಿಗೂ ಒದಗಿತು. ಆ ಮಾತು ಮುಂದೆ ಬರುತ್ತದೆ.

ಮುಂಬಯಿಯ ಕೊನೆಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರದಿಂದ ದಾದರಿಗೆ ಹೋಯಿತು. 2017ರಲ್ಲಿ ಫ್ಲೋರಾ ಫೌಂಟನ್ನಿನ ಜೀರ್ಣೋದ್ಧಾರ ನಡೆಯುತ್ತಿದ್ದಾಗ ನೆಲದಡಿಯಲ್ಲಿ ಹಳೆಯ ಟ್ರಾಮು ಹಳಿಗಳು ಕಾಣಿಸಿಕೊಂಡುವು. ಅಂಥ ಹಳಿಗಳ ಮೇಲೆ ಮಳೆಗಾಲದಲ್ಲಿ ಗಾಲಿ ಜಾರದಂತೆ ಮರಳು ಉದುರಿಸುವುದು ಟ್ರಾಮಿನ ಕೆಲಸದಲ್ಲಿ ಸೇರಿದ ಸಂಗತಿ. ಗಾಲಿಗೆ ಬ್ರೇಕು ಎಷ್ಟು ಬಲವಾಗಿದ್ದರೂ ಗಾಲಿಗೂ ನೆಲಕ್ಕೂ ಹಿಡಿತವಿಲ್ಲದಿದ್ದರೆ ಗಾಡಿ ನಿಲ್ಲದು ಎಂಬ ಮೂಲ ತತ್ತ್ವ ಇದರಲ್ಲಿಯೇ ಅಡಗಿದೆ.

ಘಟ್ಟ ಕಲಿಸಿದ ಪಾಠ

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ರೈಲಿಗೆ 14 ಡಬ್ಬಿಗಳೂ ಮೂರು ಎಂಜಿನುಗಳೂ ಇದ್ದುವು. ಆ ಕಾಲದ ರೈಲುಗಳಲ್ಲಿ ಡ್ರೈವರನು ಇಡೀ ರೈಲಿಗೆ ಬ್ರೇಕು ಹಾಕಲಾರದವನಾಗಿದ್ದ. ಅವನು ಸೀಟಿ ಊದುತ್ತಿದ್ದ. ಅದನ್ನು ಕೇಳಿ ಬ್ರೇಕು ಡಬ್ಬಿಯಲ್ಲಿ ಕುಳಿತ ಗಾರ್ಡನು ಕೈಯಿಂದ ತಿರುಗಣಿ ಸುತ್ತುತ್ತಿದ್ದ. ಬಯಲಿನಲ್ಲಿ ಇದು ನಡೆಯಿತು. ಆದರೆ 1863ರಲ್ಲಿ ಭೋರ್ ಘಟ್ಟದ ರೈಲುಮಾರ್ಗ ತೆರೆದಾಗ ಪರಿಸ್ಥಿತಿ ಬೇರೆಯಾಯಿತು. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಕಡಿದಾದ ಇಳಿಜಾರು ಅದು. ಅಲ್ಲಿ ಹಿಡಿತ ತಪ್ಪಿದ ರೈಲನ್ನು ಕಾಯಬಲ್ಲವರಿಲ್ಲ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು, ಆದುದರಿಂದಲೇ ಮೆಚ್ಚತಕ್ಕದ್ದು. ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಏರಿಗೆ ಹೋಗುವ ಒಂದು ಮೊಂಡು ಹಳಿಯನ್ನು ಹಾಕಿದರು. ಇಳಿದು ಬರುವ ರೈಲಿಗೆ ಸಾಧಾರಣ ಸ್ಥಿತಿಯಲ್ಲಿ ತೆರೆದಿರುವುದು ಆ ಮೊಂಡು ಹಳಿಯೇ. ರೈಲು ಹಿಡಿತದಲ್ಲಿದೆ ಎಂದು ಡ್ರೈವರನು ನಿಲ್ಲಿಸಿ ತೋರಿಸಿದ ಮೇಲೆಯೇ ಅದಕ್ಕೆ ಮುಖ್ಯ ಹಳಿಯ ದಾರಿ ಸಿಕ್ಕುತ್ತದೆ. ಓಡಿಹೋಗುವ ರೈಲು ತಾನಾಗಿಯೇ ಗುಡ್ಡವನ್ನೇರಿ ನಿಲ್ಲುತ್ತದೆ. ‘ಎಲ್ಲವೂ ಸರಿಯಾಗಿದೆ ಎಂದು ನಂಬಿ ಹೊರಡಬೇಡ, ಸರಿಯಾಗಿದೆ ಎಂದು ತೋರಿಸಿ ಹೊರಡು’ ಎಂಬುದು ಇದರ ತಾತ್ಪರ್ಯ.

ಇದೇ ತತ್ತ್ವವನ್ನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸನು ಬ್ರೇಕಿನ ಒಳಗೇ ತಂದನು. 1869ರಲ್ಲಿ ಅವನು ಗಾಳಿಯ ಒತ್ತಡದಿಂದ ಇಡೀ ರೈಲಿಗೆ ಒಂದೇ ಸಲ ಬ್ರೇಕು ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದನು. ಆದರೆ ಅದರಲ್ಲಿ ಒಂದು ದೋಷವಿತ್ತು: ಕೊಳವೆ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಅವನು ಕ್ರಮವನ್ನು ತಿರುವುಮುರುವು ಮಾಡಿದನು. ಕೊಳವೆಯಲ್ಲಿ ಒತ್ತಡ ಇರುವತನಕ ಬ್ರೇಕು ಬಿಟ್ಟಿರುತ್ತದೆ. ಒತ್ತಡ ಹೋದರೆ, ಅದು ಡ್ರೈವರನು ಬಿಟ್ಟದ್ದರಿಂದಾಗಲಿ, ಡಬ್ಬಿ ಕಳಚಿ ಕೊಳವೆ ಹರಿದದ್ದರಿಂದಾಗಲಿ, ಬ್ರೇಕು ತಾನಾಗಿ ಬೀಳುತ್ತದೆ. ಕೆಟ್ಟುಹೋದರೆ ನಿಲ್ಲಬೇಕು, ಓಡಬಾರದು ಎಂಬ ಈ ವಿಚಾರಕ್ಕಿಂತ ದೊಡ್ಡ ವಿಚಾರ ಬ್ರೇಕಿನ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಆದರೂ ಅದನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಖರ್ಚಿನ ಮಾತು ಅಡ್ಡ ಬಂದಿತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ಭಾನುವಾರ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲಿನ ಹಿಂದಿನ ಡಬ್ಬಿಗಳನ್ನು ಏರಿನಲ್ಲಿ ಕಳಚಿದಾಗ ಅವು ಹಿಂದಕ್ಕೆ ಉರುಳಿ, ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದುವು. 80 ಮಂದಿ ಸತ್ತರು. ಅವರಲ್ಲಿ ಎಳೆಯ ಮಕ್ಕಳು ಬಹಳ. ತಾನಾಗಿ ಬೀಳುವ ಬ್ರೇಕು ಇದ್ದಿದ್ದರೆ ಆ ಡಬ್ಬಿಗಳು ಕದಲುತ್ತಿರಲಿಲ್ಲ. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ರೈಲುಗಳಿಗೆ ಅಂಥ ಬ್ರೇಕನ್ನು ಕಡ್ಡಾಯಮಾಡಿತು. ಉಪಾಯ ತಿಳಿದು ಹದಿನೇಳು ವರ್ಷಗಳಾಗಿದ್ದುವು! ಉಪಾಯ ಮೊದಲು, ಅಪಘಾತ ಆಮೇಲೆ, ಕಾನೂನು ಕೊನೆಗೆ. ಈ ಕ್ರಮವನ್ನು ಮೋಟಾರಿನ ಚರಿತ್ರೆಯಲ್ಲಿಯೂ ಮತ್ತೆ ಮತ್ತೆ ಕಾಣುತ್ತೇವೆ.

ತೊಗಲು, ಬಟ್ಟೆ, ಕಲ್ನಾರು

ಜರ್ಮನಿಯ ಕಾರ್ಲ್ ಬೆಂಜನು ತನ್ನ ಮೋಟಾರು ಬಂಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಎರಡು ವರ್ಷಗಳ ತರುವಾಯ ಅವನ ಹೆಂಡತಿ ಬೆರ್ಟಾ ಬೆಂಜಳು ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್‌ಸೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ಆ ಬಂಡಿಯನ್ನು ಓಡಿಸಿಕೊಂಡು ಹೋದಳು. ದಾರಿಯ ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋಗಲು, ಆಕೆ ಹಳ್ಳಿಯ ಜೋಡು ಹೊಲಿಯುವವನೊಬ್ಬನಿಂದ ಅದಕ್ಕೆ ತೊಗಲು ಹೊದಿಸಿಕೊಂಡಳೆಂದು ಹೇಳುತ್ತಾರೆ. ಬ್ರೇಕಿಗೆ ಲೈನಿಂಗು ಹಾಕುವ ಪದ್ಧತಿಗೆ ಇದೇ ಮೊದಲು ಎನ್ನಬಹುದು. ಈ ಸುಧಾರಣೆ ಕಾರ್ಖಾನೆಯಲ್ಲಿ ಹುಟ್ಟಲಿಲ್ಲ, ದಾರಿಯಲ್ಲಿ ಹುಟ್ಟಿತು.

ಇಂಗ್ಲೆಂಡಿನ ಡರ್ಬಿಷೈರಿನಲ್ಲಿಯೂ ಇಂಥದೇ ಒಂದು ಸಂಗತಿ ನಡೆಯಿತು. ಗುಡ್ಡದ ಇಳಿಜಾರಿನಲ್ಲಿ ರೈತರು ಗಾಡಿಯ ಬ್ರೇಕಿಗೆ ಹಳೆಯ ಬೂಟುಗಳನ್ನು ಕಟ್ಟುವುದನ್ನು ಹರ್ಬರ್ಟ್ ಫ್ರೂಡ್ ಎಂಬವನು ಕಂಡನು. ಅದಕ್ಕಿಂತ ಒಳ್ಳೆಯ ವಸ್ತುವನ್ನು ಮಾಡಬೇಕೆಂದು 1897ರಲ್ಲಿ ಅವನು ಉದ್ಯಮವನ್ನು ಆರಂಭಿಸಿದನು. ಮೊದಲು ಹತ್ತಿಯ ಬಟ್ಟೆಗೆ ಅಂಟು ತುಂಬಿಸಿ ನೋಡಿದನು. ಬಿಸಿಗೆ ಅದು ಸುಟ್ಟುಹೋಯಿತು. 1908ರ ಹೊತ್ತಿಗೆ ಅವನು ಕಲ್ನಾರಿಗೆ ಬಂದನು. ಕಲ್ಲಿನಿಂದ ತೆಗೆದು ನೂಲಿನಂತೆ ನೇಯಬಹುದಾದ, ಬೆಂಕಿಗೆ ಬೇಯದ ವಸ್ತು ಅದು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸೀಮೆಯಲ್ಲಿಯೂ ಕಲ್ನಾರಿನ ನಿಕ್ಷೇಪಗಳುಂಟು. ಫ್ರೂಡನ ಫೆರೋಡೊ ಎಂಬ ಮುದ್ರೆ ಲೋಕಪ್ರಸಿದ್ಧವಾಯಿತು. ಮುಂದೆ ಮುಂಬಯಿಯ ಘಾಟ್ಕೋಪರಿನಲ್ಲಿಯೂ ಹಿಂದೂಸ್ತಾನ್ ಫೆರೋಡೊ ಎಂಬ ಹೆಸರಿನ ಕಾರ್ಖಾನೆ ಬ್ರೇಕಿನ ಲೈನಿಂಗುಗಳನ್ನು ತಯಾರಿಸಿತು.

ಈ ನಡುವೆ ಗಾಲಿಯೇ ಬದಲಾಗಿತ್ತು. 1895ರ ಪ್ಯಾರಿಸ್–ಬೋರ್ಡೋ ಓಟದಲ್ಲಿ ಮಿಷೆಲಿನ್ ಸೋದರರು ಗಾಳಿ ತುಂಬಿದ ಟಯರಿನ ಕಾರನ್ನು ಓಡಿಸಿದರು. ಕಬ್ಬಿಣದ ಪಟ್ಟಿಗೆ ಮರದ ತುಂಡನ್ನು ಒತ್ತಬಹುದು. ರಬ್ಬರಿಗೆ ಒತ್ತಿದರೆ ಟಯರೇ ಹರಿದೀತು. ಆದಕಾರಣ ಗಾಲಿಯ ಹೊರಗಿನಿಂದ ಬ್ರೇಕು ಅದರ ನಡುವಿಗೆ ಸರಿಯಿತು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಗಾಲಿಯ ಜತೆಗೆ ತಿರುಗುವ ಟೊಳ್ಳು ಡಬ್ಬಿಯೊಂದನ್ನಿಟ್ಟು, ಅದರ ಒಳಗಿನಿಂದ ಎರಡು ಕಮಾನಿನ ತುಂಡುಗಳು ಹಿಗ್ಗಿ ಒತ್ತುವಂತೆ ಮಾಡಿದನು. ಇದೇ ಡ್ರಮ್ ಬ್ರೇಕು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರನು ತಿರುಗುವ ತಟ್ಟೆಯೊಂದನ್ನು ಎರಡು ಕಡೆಯಿಂದ ಹಿಡಿಯುವ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದನು. ಲೋಹಕ್ಕೆ ಲೋಹ ಉಜ್ಜಿ ಅದು ಕಿವಿ ಕೊರೆಯುವಂತೆ ಕಿರಿಚುತ್ತಿತ್ತು; ಬೇಗ ಸವೆಯುತ್ತಿತ್ತು. ಹೀಗಾಗಿ ಡ್ರಮ್ಮು ಗೆದ್ದಿತು, ಡಿಸ್ಕು ಅರ್ಧ ಶತಮಾನ ಕಾದಿತು.

ನಾಲ್ಕು ಗಾಲಿ, ಒಂದು ಪೆಡಲು

ಮೊದಮೊದಲ ಕಾರುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಮುಂದಿನ ಗಾಲಿಗೆ ಬ್ರೇಕು ಹಾಕಿದರೆ ಕಾರು ಮಗುಚೀತು ಎಂಬ ಭಯ ಜನರಿಗೂ ಎಂಜಿನಿಯರುಗಳಿಗೂ ಇತ್ತು. ವಾಸ್ತವದಲ್ಲಿ ಸಂಗತಿ ಇದಕ್ಕೆ ವಿರುದ್ಧವಾದದ್ದು. ಬಸ್ಸು ಫಕ್ಕನೆ ನಿಂತಾಗ ನಾವೆಲ್ಲ ಮುಂದಕ್ಕೆ ವಾಲುತ್ತೇವಷ್ಟೆ. ಹಾಗೆಯೇ ಗಾಡಿಯ ಭಾರವೂ ಮುಂದಕ್ಕೆ ವಾಲುತ್ತದೆ. ಆಗ ನೆಲವನ್ನು ಭದ್ರವಾಗಿ ಹಿಡಿಯುವುದು ಮುಂದಿನ ಗಾಲಿಗಳೇ. ಹಗುರವಾದ ಹಿಂದಿನ ಗಾಲಿಗಳನ್ನಷ್ಟೇ ತಡೆದರೆ ಅವು ಜಾರಿ ಗಾಡಿ ಅಡ್ಡಕ್ಕೆ ತಿರುಗುತ್ತದೆ. ಇಟಲಿಯ ಇಸೊಟ್ಟಾ ಫ್ರಾಸ್ಕಿನಿ, ಸ್ಕಾಟ್ಲೆಂಡಿನ ಆರ್ಗೈಲ್ ಮೊದಲಾದ ಕಂಪನಿಗಳು 1910ರ ಆಸುಪಾಸಿನಲ್ಲಿ ನಾಲ್ಕೂ ಗಾಲಿಗಳಿಗೆ ಬ್ರೇಕು ಇಟ್ಟುವು. 1920ರ ದಶಕದಲ್ಲಿ ಅದು ಹಬ್ಬಿತು. ಆಗ ಕೆಲವು ಕಾರುಗಳ ಹಿಂಬದಿಯಲ್ಲಿ ಕೆಂಪು ತ್ರಿಕೋಣವನ್ನು ಹಚ್ಚಿ, ‘ಇದಕ್ಕೆ ನಾಲ್ಕು ಗಾಲಿಗಳಿಗೂ ಬ್ರೇಕುಂಟು, ಬೇಗ ನಿಲ್ಲುತ್ತದೆ’ ಎಂದು ಹಿಂದಿನವರನ್ನು ಎಚ್ಚರಿಸುತ್ತಿದ್ದರು.

ನಾಲ್ಕು ಗಾಲಿಗಳಿಗೆ ಬ್ರೇಕು ಬಂದರೂ ಅವು ನಾಲ್ಕೂ ಸಮನಾಗಿ ಹಿಡಿಯುವುದು ಕಷ್ಟವಾಗಿತ್ತು. ಕಂಬಿ, ತಂತಿ, ಸನ್ನೆಗಳಿಂದ ಎಳೆಯುವ ಬ್ರೇಕಿನಲ್ಲಿ ಒಂದು ತಂತಿ ಸಡಿಲವಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇದಕ್ಕೆ ಪರಿಹಾರ ದೊರೆತದ್ದು ಹದಿನೇಳನೆಯ ಶತಮಾನದ ಫ್ರೆಂಚ್ ಜ್ಞಾನಿ ಪಾಸ್ಕಲನ ಸೂತ್ರದಿಂದ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಎರಡು ಚದರ ಸೆಂಟಿಮೀಟರ್ ಅಗಲದ ಕೊಂತವನ್ನು 50 ಕಿಲೋ ಭಾರದಿಂದ ಒತ್ತಿದೆವೆನ್ನಿ. ಚದರ ಸೆಂಟಿಮೀಟರಿಗೆ 25 ಕಿಲೋ ಒತ್ತಡವಾಯಿತು. ಗಾಲಿಯ ಬಳಿಯ ಕೊಂತ ಐದು ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ 125 ಕಿಲೋ ಬಲ ದೊರೆಯುತ್ತದೆ. ನಾಲ್ಕು ಗಾಲಿಗಳಲ್ಲಿಯೂ ಒತ್ತಡ ಒಂದೇ. ಅಮೆರಿಕದ ಮಾಲ್ಕಮ್ ಲಾಕ್‌ಹೀಡನು 1917ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ, 1924ರ ಕ್ರೈಸ್ಲರ್ ಕಾರಿನಲ್ಲಿ ಅದು ಬಂದಿತು. ಮೊದಲು ತೊಗಲಿನ ಬಿರಡೆಗಳಿಂದ ದ್ರವ ಸೋರುತ್ತಿತ್ತು. ಕ್ರೈಸ್ಲರಿನ ಎಂಜಿನಿಯರುಗಳು ರಬ್ಬರಿನ ಬಿರಡೆಗಳನ್ನು ಹಾಕಿದ ಮೇಲೆ ಅದು ನಂಬತಕ್ಕದ್ದಾಯಿತು. ಆದರೂ ಫೋರ್ಡ್ ಕಂಪನಿ ತನ್ನ ಕಾರುಗಳಿಗೆ ಅದನ್ನು ತಂದದ್ದು 1939ರ ಮಾದರಿಯಲ್ಲಿ!

ಮುಂಬಯಿಯ ಮೊದಲ ಬಸ್ಸು 1926ರ ಜುಲೈ 15ರಂದು ಕೊಲಾಬಾದ ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಓಡಿದ್ದು ಇದೇ ಬದಲಾವಣೆಯ ದಶಕದಲ್ಲಿ. ಮುಂದೆ ನಮ್ಮ ಬೀದಿಗಳ ಗುರುತಾದದ್ದು ಕಪ್ಪು–ಹಳದಿ ಬಣ್ಣದ ಫಿಯೆಟ್ ಟ್ಯಾಕ್ಸಿ. 1944ರಲ್ಲಿ ವಾಲಚಂದ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸಿನ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿಗೆ ಕೊನೆಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಅದಕ್ಕೆ ನಾಲ್ಕು ಗಾಲಿಗಳಲ್ಲಿಯೂ ಡ್ರಮ್ ಬ್ರೇಕು, ಒತ್ತುವುದು ದ್ರವದಿಂದ. ಮಳೆಗಾಲದಲ್ಲಿ ಹಿಂದಮಾತಾದ ನೀರನ್ನು ದಾಟಿದ ಡ್ರೈವರನು ಸ್ವಲ್ಪ ದೂರ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಹೋಗುತ್ತಿದ್ದುದನ್ನು ಹಿಂದೆ ಕುಳಿತವರು ಕಂಡಿರಬಹುದು. ಡ್ರಮ್ಮಿನೊಳಗೆ ಹೊಕ್ಕ ನೀರು ಲೈನಿಂಗನ್ನು ಜಾರಿಸುತ್ತದೆ; ಉಜ್ಜಿದ ಬಿಸಿಗೆ ಅದು ಆರಬೇಕು. ಪುಸ್ತಕ ಓದದ ಡ್ರೈವರರೂ ಇದನ್ನು ಬಲ್ಲರು. ಮುಂಬಯಿಯಲ್ಲಿ ಕೊನೆಯದಾಗಿ ದಾಖಲಾದ ಪದ್ಮಿನಿ ಟ್ಯಾಕ್ಸಿ ತನ್ನ ಇಪ್ಪತ್ತು ವರ್ಷಗಳ ಅವಧಿಯನ್ನು ಮುಗಿಸಿ 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು.

ಬಿಸಿ, ವೇಗ, ಜಾರಿಕೆ

ಬ್ರೇಕು ಎಂಬುದು ನಿಜವಾಗಿ ಓಟವನ್ನು ಬಿಸಿಯನ್ನಾಗಿ ಮಾರ್ಪಡಿಸುವ ಸಾಧನ. ವೇಗ ಎರಡು ಪಟ್ಟಾದರೆ ಕಳೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದು ಹೃದಯದಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಡ್ರೈವರನಿಗೆ ಅಪಾಯವನ್ನು ಕಂಡು ಪೆಡಲು ಒತ್ತಲು ಒಂದು ಸೆಕೆಂಡು ಹಿಡಿಯಿತೆಂದರೆ, ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕಿನಿಂದ ಕಾರು ಒಟ್ಟು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. 60 ಕಿಲೋಮೀಟರ್ ವೇಗವಾದರೆ ಸುಮಾರು 40 ಮೀಟರು ಬೇಕು. ಆ ಇಪ್ಪತ್ತಾರು ಮೀಟರಿನ ಅಂತರದಲ್ಲಿ ಮಗುವೊಂದು ರಸ್ತೆ ದಾಟುತ್ತಿರಬಹುದು.

ಡ್ರಮ್ಮು ಮುಚ್ಚಿದ ಡಬ್ಬಿ; ಹುಟ್ಟಿದ ಬಿಸಿ ಒಳಗೇ ನಿಲ್ಲುತ್ತದೆ. ಘಟ್ಟದ ಇಳಿಜಾರಿನಲ್ಲಿ ಬಹಳ ಹೊತ್ತು ಒತ್ತಿ ಹಿಡಿದರೆ ಲೈನಿಂಗಿನ ಹಿಡಿತ ಕುಂದಿ, ಪೆಡಲು ಒತ್ತಿದರೂ ಗಾಡಿ ನಿಲ್ಲದೆಹೋಗುತ್ತದೆ. ಡಿಸ್ಕು ಬಯಲಿನಲ್ಲಿರುವುದರಿಂದ ಗಾಳಿಗೆ ತಣಿಯುತ್ತದೆ, ನೀರನ್ನು ಎಸೆದುಬಿಡುತ್ತದೆ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರಿನ ಮೂಲಕ ಅದು ಸಾಮಾನ್ಯರ ರಸ್ತೆಗೆ ಇಳಿಯಿತು. ಲಾಂಚೆಸ್ಟರನ ಕನಸು ಐವತ್ತು ವರ್ಷಗಳ ಬಳಿಕ ಕೈಗೂಡಿತು.

ದ್ರವದ ಬ್ರೇಕಿಗೂ ಒಂದು ಮರ್ಮಸ್ಥಾನವುಂಟು. ಒಂದೇ ಕೊಳವೆಯ ಜಾಲವಿದ್ದರೆ, ಎಲ್ಲಿ ಸೋರಿದರೂ ನಾಲ್ಕು ಗಾಲಿಗಳ ಬ್ರೇಕೂ ಹೋಗುತ್ತದೆ. ಜಾಲವನ್ನು ಎರಡು ಭಾಗ ಮಾಡಿದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಇಷ್ಟು ಸರಳವಾದ ಮಾತನ್ನು ಅಮೆರಿಕದ ಸರ್ಕಾರ ಕಡ್ಡಾಯಮಾಡಿದ್ದು 1960ರ ದಶಕದ ಕೊನೆಗೆ.

ಮೂರನೆಯ ಸಮಸ್ಯೆ ಜಾರಿಕೆ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒದ್ದರೆ ಗಾಲಿ ಬಿಗಿದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಸ್ಟಿಯರಿಂಗಿನ ಮಾತನ್ನೂ ಅದು ಕೇಳುವುದಿಲ್ಲ. ನಿಪುಣ ಡ್ರೈವರನು ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಾನೆ. ಇದನ್ನೇ ಯಂತ್ರದಿಂದ ಮಾಡಿಸಲು ಮೊದಲು ವಿಮಾನಗಳಲ್ಲಿ ಪ್ರಯತ್ನ ನಡೆಯಿತು. 1950ರ ದಶಕದಲ್ಲಿ ಡನ್‌ಲಪ್ಪಿನ ಮ್ಯಾಕ್ಸರೆಟ್ ಎಂಬ ಸಾಧನ ವಿಮಾನದ ಗಾಲಿಗಳಿಗೆ ಬಂದಿತು. 1966ರಲ್ಲಿ ಜೆನ್ಸನ್ ಎಫ್‌ಎಫ್ ಕಾರಿಗೂ ಅದನ್ನು ಅಳವಡಿಸಿದರು. 1978ರಲ್ಲಿ ಬಾಷ್ ಕಂಪನಿಯ ವಿದ್ಯುನ್ಮಾನ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಬಂದಿತು. ಪ್ರತಿ ಗಾಲಿಯ ವೇಗವನ್ನು ಅದು ಅಳೆಯುತ್ತದೆ. ಗಾಲಿ ಬಿಗಿಯುವ ಸೂಚನೆ ಕಂಡೊಡನೆ ಒತ್ತಡವನ್ನು ಸಡಿಲಿಸಿ ಮತ್ತೆ ಹಾಕುತ್ತದೆ, ಸೆಕೆಂಡಿಗೆ ಹಲವು ಬಾರಿ. ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲಿನಿಂದ, ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ 2019ರ ಏಪ್ರಿಲಿನಿಂದ ಅದು ಕಡ್ಡಾಯವಾಯಿತು. 125 ಸಿಸಿಗೆ ಮೇಲ್ಪಟ್ಟ ಮೋಟಾರ್‌ಸೈಕಲ್ಲುಗಳಿಗೂ ಅದೇ ನಿಯಮ ಬಂದಿತು. ಶ್ರೀಮಂತರ ಕಾರಿನ ಸೌಕರ್ಯವೊಂದು ಸಾಮಾನ್ಯನ ಹಕ್ಕಾಗಲು ನಲವತ್ತು ವರ್ಷ ಹಿಡಿಯಿತು.

ಧೂಳಿನ ಲೆಕ್ಕ

ಇಲ್ಲಿ ಮರೆಯಬಾರದ ಇನ್ನೊಂದು ಲೆಕ್ಕವಿದೆ. ರಸ್ತೆಯಲ್ಲಿ ಅಸಂಖ್ಯ ಪ್ರಾಣಗಳನ್ನು ಉಳಿಸಿದ ಕಲ್ನಾರು, ಅದನ್ನು ಅರೆದು, ನೇಯ್ದು, ಕೊರೆದವರ ಪ್ರಾಣಕ್ಕೆ ಎರವಾಯಿತು. ಅದರ ನಾರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಡನೆ ಒಳಹೊಕ್ಕರೆ ಹೊರಬರುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಬಳಿಕ ಶ್ವಾಸಕೋಶ ಗಡುಸಾಗುತ್ತದೆ, ಇಲ್ಲವೆ ಕ್ಯಾನ್ಸರ್ ತಲೆಯೆತ್ತುತ್ತದೆ. ಅಷ್ಟರಲ್ಲಿ ಕೆಲಸಗಾರನು ನಿವೃತ್ತನಾಗಿ ಊರು ಸೇರಿರುತ್ತಾನೆ. ಕೆಮ್ಮಿಗೂ ಕಾರ್ಖಾನೆಗೂ ಇರುವ ಸಂಬಂಧವನ್ನು ತೋರಿಸಿಕೊಡುವವರು ಇರುವುದಿಲ್ಲ. 1995ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರಿನ ಕಾರ್ಮಿಕರ ಪರವಾಗಿ ಬಂದ ಮೊಕದ್ದಮೆಯಲ್ಲಿ, ಕೆಲಸಗಾರನ ಆರೋಗ್ಯವೂ ಸಂವಿಧಾನ ಕೊಟ್ಟ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಇಡಬೇಕೆಂದೂ ಅಪ್ಪಣೆಮಾಡಿತು. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಕಲ್ನಾರಿನ ಬಳಕೆಗೆ ನಿಷೇಧವಿದೆ. ಕಲ್ನಾರಿಲ್ಲದ ಲೈನಿಂಗುಗಳು ಈಗ ಬಂದಿವೆ.

ಡ್ರಮ್ಮನ್ನು ಬಿಚ್ಚಿ ಒಳಗಿನ ಧೂಳನ್ನು ಬಾಯಿಂದಲೋ ಪಂಪಿನ ಗಾಳಿಯಿಂದಲೋ ಊದುವುದು ಗ್ಯಾರೇಜುಗಳ ಹಳೆಯ ಅಭ್ಯಾಸ. ಹಗಲು ದುಡಿದು ಫೋರ್ಟಿನ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ಬಂದವರು ನಮ್ಮವರಲ್ಲಿ ಬಹಳ ಮಂದಿ. ಅಂಥ ವಯಸ್ಸಿನ ಹುಡುಗರೇ ಗ್ಯಾರೇಜುಗಳಲ್ಲಿ ಹೆಲ್ಪರುಗಳಾಗಿರುವುದು. ಒದ್ದೆ ಬಟ್ಟೆಯಿಂದ ಒರೆಸಬೇಕು, ಊದಬಾರದು ಎಂಬ ಒಂದು ಮಾತನ್ನು ಅವರಿಗೆ ಹೇಳಿದರೆ ಈ ಲೇಖನ ಸಾರ್ಥಕ.

ಹಳೆಯ ಪಾಠ, ಹೊಸ ಗಾಡಿ

ಟ್ರಾಮು ಕಲಿಸಿದ ಪಾಠ ಮುಂದೆ ಬರುತ್ತದೆಂದು ಹೇಳಿದ್ದೆವಷ್ಟೆ. 1925ರ ಫೆಬ್ರವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ವಿದ್ಯುತ್ ರೈಲು ಓಡಿತು. ಕೆಲವೇ ವರ್ಷಗಳಲ್ಲಿ ಘಟ್ಟಗಳ ಮಾರ್ಗಕ್ಕೂ ವಿದ್ಯುತ್ತು ಬಂದಿತು. ಆಗ ಸ್ವಿಟ್ಜರ್ಲೆಂಡಿನ ಮಾದರಿಯ, ಜನ ‘ಖೇಕಡಾ’ ಅಂದರೆ ಏಡಿ ಎಂದು ಕರೆದ ಎಂಜಿನುಗಳು ಬಂದುವು. ಇಳಿಯುವಾಗ ಹುಟ್ಟಿದ ವಿದ್ಯುತ್ತನ್ನು ಬಿಸಿಯಾಗಿ ಕಳೆಯದೆ ಮೇಲಿನ ತಂತಿಗೆ ಹಿಂದಿರುಗಿಸುವ ಏರ್ಪಾಡು ಅವುಗಳಲ್ಲಿ ಇತ್ತು. ಇಳಿಯುವ ರೈಲು ಏರುವ ರೈಲಿಗೆ ಹೆಗಲು ಕೊಡುತ್ತಿತ್ತು ಎನ್ನಬಹುದು. 2007ರಿಂದೀಚೆಗೆ ಬಂದ ಮುಂಬಯಿಯ ಹೊಸ ಲೋಕಲ್ ರೈಲುಗಳೂ ಪ್ರತಿ ನಿಲ್ದಾಣದಲ್ಲಿ ನಿಲ್ಲುವಾಗ ಇದನ್ನೇ ಮಾಡುತ್ತವೆ. ಇಂದಿನ ವಿದ್ಯುತ್ ಕಾರುಗಳೂ ಬಸ್ಸುಗಳೂ ಬ್ರೇಕಿನಿಂದ ಬಂದ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ಲೈನಿಂಗು ಸವೆಯುವುದು ಕಡಿಮೆ, ಧೂಳೂ ಕಡಿಮೆ. ಆದರೆ ಗಾಡಿಯನ್ನು ಪೂರ್ತಿಯಾಗಿ ನಿಲ್ಲಿಸಿ ಹಿಡಿಯಲು ಇವುಗಳಿಗೂ ಉಜ್ಜುವ ಬ್ರೇಕು ಬೇಕೇಬೇಕು.

ವೆಸ್ಟಿಂಗ್‌ಹೌಸನ ಪಾಠವೂ ನಮ್ಮ ಜತೆಗಿದೆ. ದೊಡ್ಡ ಬಸ್ಸು, ಲಾರಿಗಳ ಗಾಳಿ ಬ್ರೇಕಿನಲ್ಲಿ ಬಲವಾದ ಸ್ಪ್ರಿಂಗೊಂದಿರುತ್ತದೆ. ಅದನ್ನು ಗಾಳಿಯ ಒತ್ತಡ ಹಿಡಿದಿರುತ್ತದೆ. ಗಾಳಿ ಸೋರಿಹೋದರೆ ಸ್ಪ್ರಿಂಗು ತಾನಾಗಿ ಬ್ರೇಕನ್ನು ಹಾಕುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆಯುವ ಮೊದಲು ಕರಾವಳಿಯ ನಮ್ಮವರ ಪಾಲಿಗೆ ಊರಿನ ದಾರಿಯೆಂದರೆ ಬಹುಮಟ್ಟಿಗೆ ರಾತ್ರಿಯ ಬಸ್ಸು. ಖಂಡಾಳೆಯನ್ನು ಏರಿ, ಕಾತ್ರಜ, ಖಂಬಾಟಕಿ ಘಟ್ಟಗಳನ್ನು ದಾಟಿ, ಹುಬ್ಬಳ್ಳಿಯ ಕಡೆಯಿಂದ ಹೋದವರು ಅರಬೈಲ್ ಘಟ್ಟವನ್ನು ಇಳಿದು ಅಂಕೋಲೆಗೆ ಬರುವಾಗ ನಿದ್ದೆಯಲ್ಲಿಯೇ ಇರುತ್ತಿದ್ದರು. ಆ ನಿದ್ದೆಯನ್ನು ಕಾದದ್ದು ಡ್ರೈವರನ ಎಡಗೈಯ ಗೇರು, ಬಲಗಾಲಿನ ಬ್ರೇಕು. ‘ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ’ ಎಂಬುದು ಘಟ್ಟದ ಡ್ರೈವರುಗಳ ಹಳೆಯ ನಿಯಮ. ಎಂಜಿನು ತಾನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕು ತಣ್ಣಗಿದ್ದು ಅಪಾಯಕಾಲಕ್ಕೆ ಒದಗುತ್ತದೆ. ಎಷ್ಟೇ ಹೊಸ ಸಾಧನಗಳು ಬಂದರೂ ಈ ನಿಯಮ ಹಳತಾಗಿಲ್ಲ.

ಕಾರು ಇಟ್ಟುಕೊಂಡವರು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿಯಂಥ, ಮಂಗಳೂರಿನಂಥ ಕಡಲತೀರದ ಊರಿನಲ್ಲಿ ಇದು ಹೆಚ್ಚು. ನೀರು ಸೇರಿದ ದ್ರವ ಘಟ್ಟದ ಬಿಸಿಗೆ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಸಾಗಿಸುವುದಿಲ್ಲ. ಪೆಡಲು ತಳಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಕಾರಿಗೆ ಪಾಲಿಶ್ ಹಾಕಿಸುವ ಖರ್ಚಿನಲ್ಲಿ ಒಂದು ಪಾಲನ್ನು ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಲು ಇಟ್ಟರೆ ಅದಕ್ಕಿಂತ ಒಳ್ಳೆಯ ವಿನಿಯೋಗ ಬೇರೆ ಇಲ್ಲ.

ಬ್ರೇಕಿನ ಚರಿತ್ರೆಯಲ್ಲಿ ಒಬ್ಬನೇ ನಾಯಕನಿಲ್ಲ. ತೊಗಲು ಹೊದಿಸಿದವನು, ಬೂಟು ಕಟ್ಟಿದ ರೈತ, ಸೀಟಿಗೆ ಓಗೊಟ್ಟ ಗಾರ್ಡು, ಕಲ್ನಾರು ನೇಯ್ದ ಕೆಲಸಗಾರ ಎಲ್ಲರೂ ಅದರ ಪಾಲುಗಾರರೇ. ಪ್ರತಿ ಬಾರಿಯೂ ವೇಗ ಮುಂದೆ ಹೋಗಿದೆ, ರಕ್ಷಣೆ ಹಿಂದಿನಿಂದ ನಡೆದು ಬಂದಿದೆ. ನಡುವಿನ ಅಂತರದಲ್ಲಿ ಜನ ಸತ್ತಿದ್ದಾರೆ. ಆ ಅಂತರವನ್ನು ಕಿರಿದುಮಾಡುವುದು ಎಂಜಿನಿಯರನ ಕೆಲಸ ಮಾತ್ರವಲ್ಲ. ಕಾನೂನು ಮಾಡುವವರದು, ಗಾಡಿಯ ಮಾಲಿಕರದು, ಪೆಡಲಿನ ಮೇಲೆ ಕಾಲಿಟ್ಟ ನಮ್ಮೆಲ್ಲರದು. ಎದುರಿನಿಂದ ರಸ್ತೆ ದಾಟುತ್ತಿರುವವನಿಗೆ ನಮ್ಮ ಗುರುತಿಲ್ಲ, ನಮ್ಮ ಭಾಷೆ ಯಾವುದೆಂದೂ ತಿಳಿಯದು. ನಾವು ನಿಲ್ಲಿಸುತ್ತೇವೆ ಎಂಬ ನಂಬಿಕೆಯಿಂದಲೇ ಅವನು ಕಾಲು ಮುಂದಿಡುತ್ತಾನೆ.